ಪುಟ್ಟ ರೈಲುದಾರಿಯ ಸಂಕೇತದೀಪಗಳು

ಮೇಜಿನಗಲದ ಹಲಗೆಯೊಂದರ ಮೇಲೆ ಹಳಿಗಳನ್ನು ಹಾಸಿ, ನಿಲ್ದಾಣವನ್ನೂ ಸೇತುವೆಯನ್ನೂ ಕಟ್ಟಿ, ನಿಜವಾದ ಗಾಡಿಯ ಎಂಬತ್ತೇಳರಲ್ಲಿ ಒಂದು ಪಾಲಿನಷ್ಟಿರುವ ಗಾಡಿಯನ್ನು ಅದರ ಮೇಲೆ ಓಡಿಸುವ ಹವ್ಯಾಸವು ನಮ್ಮಲ್ಲಿ ಇನ್ನೂ ವಿರಳವಾದುದೇ ಆದರೂ, ಅದನ್ನು ಕೈಗೊಂಡವರ ಶ್ರದ್ಧೆ ಅಸಾಧಾರಣವಾದುದು. ಇಂಜಿನ್ನಿನ ಬಣ್ಣ ಯಾವ ಶೆಡ್ಡಿನದು, ಬೋಗಿಗೆ ಕಿಟಕಿಗಳೆಷ್ಟು ಎಂಬುದನ್ನೆಲ್ಲ ಅವರು ವಿಚಾರಿಸಿ ನೋಡುತ್ತಾರೆ. ಆದರೆ ಹಳಿಯ ಪಕ್ಕದಲ್ಲಿ ನಿಲ್ಲಬೇಕಾದ ಸಂಕೇತದೀಪದ ಸರದಿ ಬರುವ ವೇಳೆಗೆ ಹಣವೂ ಉತ್ಸಾಹವೂ ಬಹುಮಟ್ಟಿಗೆ ತೀರಿರುವುದರಿಂದ, ಸದಾಕಾಲ ಹಸಿರಾಗಿಯೇ ಉರಿಯುವ ಒಂದು ಕಂಬವನ್ನು ಅಲಂಕಾರಕ್ಕೆಂದು ನೆಟ್ಟು ತೃಪ್ತರಾಗುವವರು ಅನೇಕರು. ಇದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಹಳಿಯ ಸ್ಥಿತಿಗೂ ದೀಪದ ಬಣ್ಣಕ್ಕೂ ಸಂಬಂಧ ಕಲ್ಪಿಸಿದ ಅಗ್ಗದ ದೀಪವು, ಅಂಥ ಸಂಬಂಧವಿಲ್ಲದ ದುಬಾರಿಯ ದೀಪಕ್ಕಿಂತ ಸರ್ವಥಾ ಮೇಲು. ಮತ್ತು ಆ ಸಂಬಂಧವನ್ನು ಕಲ್ಪಿಸುವುದಕ್ಕೆ ಬೇಕಾದುದು ಕೆಲವು ಗಜ ತಂತಿ, ಒಂದಷ್ಟು ಸ್ವಿಚ್ಚುಗಳು, ಸ್ವಲ್ಪ ವಿಚಾರ, ಇಷ್ಟೇ.

ರೈಲ್ವೆಯವರು ಈ ಸಂಬಂಧವನ್ನು ಕಂಡುಕೊಂಡದ್ದು ಸುಲಭವಾಗಿ ಅಲ್ಲ. 1840ರ ದಶಕದ ಆರಂಭದಲ್ಲಿ ಚಾರ್ಲ್ಸ್ ಹಟನ್ ಗ್ರೆಗರಿ ಎಂಬ ಎಂಜಿನಿಯರು ಲಂಡನ್ನಿನ ನ್ಯೂ ಕ್ರಾಸ್ ಎಂಬಲ್ಲಿ ತೋಳಿನಿಂದ ಸಂಕೇತ ತೋರುವ ಕೈಮರವನ್ನು ರೈಲುದಾರಿಗೆ ಅಳವಡಿಸಿದ ಕಾಲದಿಂದ ಮುಂದೆ ಬಹುಕಾಲ ಇಂಗ್ಲೆಂಡಿನಲ್ಲಿ ಬಿಳಿಯ ದೀಪವೆಂದರೆ ‘ಹೋಗಬಹುದು’ ಎಂದೂ, ಹಸಿರೆಂದರೆ ‘ಎಚ್ಚರಿಕೆ’ ಎಂದೂ ಅರ್ಥವಿತ್ತು. ಕೆಂಪು ಗಾಜು ಒಡೆದುಹೋದರೆ ಒಳಗಿನ ದೀಪವು ಬಿಳಿಯಾಗಿ ಕಂಡು ಚಾಲಕನನ್ನು ಅಪಾಯಕ್ಕೆ ಆಹ್ವಾನಿಸುತ್ತಿತ್ತು. ಕೈಮರಗಳನ್ನು ಸಾಮಾನ್ಯವಾಗಿ ‘ಹೋಗಬಹುದು’ ಎಂಬ ಸ್ಥಿತಿಯಲ್ಲಿಯೇ ಇಟ್ಟಿರುವ ಪದ್ಧತಿ ಆಗ ಅಲ್ಲಿ ಕೆಲವೆಡೆ ಇತ್ತು. 1876ರ ಜನವರಿ 21ರಂದು ಆಬಟ್ಸ್ ರಿಪ್ಟನ್ ಎಂಬಲ್ಲಿ ಹಿಮವು ಕೈಮರದ ತೋಳನ್ನು ಆ ಸ್ಥಿತಿಯಲ್ಲಿಯೇ ಹಿಡಿದು ನಿಲ್ಲಿಸಿದ್ದರಿಂದ ಗಾಡಿಗಳು ಡಿಕ್ಕಿಯಾಗಿ ಪ್ರಾಣಹಾನಿಯಾಯಿತು. ತಂತಿ ಹರಿದರೂ, ದೀಪ ಕೆಟ್ಟರೂ, ಮನುಷ್ಯ ಮರೆತರೂ ಸಂಕೇತವು ‘ನಿಲ್ಲು’ ಎಂಬ ಕಡೆಗೇ ಬೀಳಬೇಕೆಂಬ ತತ್ತ್ವವು ಬಲಗೊಂಡದ್ದು ಇಂಥ ಅನುಭವಗಳಿಂದ. ಅದಕ್ಕೆ ಮೊದಲೇ, 1856ರಲ್ಲಿ, ಜಾನ್ ಸ್ಯಾಕ್ಸ್‌ಬಿ ಎಂಬುವನು ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳನ್ನೂ ಸಂಕೇತಗಳನ್ನೂ ಒಂದಕ್ಕೊಂದು ಬಂಧಿಸುವ ಯಂತ್ರಕ್ಕೆ ಪೇಟೆಂಟು ಪಡೆದಿದ್ದನು. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್, ಹಳಿಯ ಮೇಲೆ ಗಾಡಿಯಿರುವುದನ್ನು ವಿದ್ಯುತ್ತಿನಿಂದಲೇ ಅರಿಯುವ ಉಪಾಯವನ್ನು ರೂಪಿಸಿದನು. ಮೇಜಿನ ಮೇಲಿನ ರೈಲಿನಲ್ಲಿ ಪ್ರಾಣಭಯವಿಲ್ಲ, ನಿಜ. ಆದರೆ ರೈಲುದಾರಿಯನ್ನು ಪ್ರೀತಿಸುವವನು ಅದರ ಈ ವಿವೇಕವನ್ನು ಬಿಟ್ಟು ಬಣ್ಣವನ್ನು ಮಾತ್ರ ತೆಗೆದುಕೊಳ್ಳುವುದು ಸಲ್ಲದು.

ನಮ್ಮ ದೇಶದ ದಾರಿಯನ್ನು ಮಾದರಿಯಾಗಿಟ್ಟುಕೊಳ್ಳುವವರಿಗೆ ಮೂರು ಬಣ್ಣಗಳ ಕಂಬವೇ ಪ್ರಾರಂಭಕ್ಕೆ ತಕ್ಕುದು. ಮೇಲಿನಿಂದ ಕೆಳಕ್ಕೆ ಹಸಿರು, ಹಳದಿ, ಕೆಂಪು ಎಂಬ ಕ್ರಮ. ಚಾಲಕನ ಕಣ್ಣಿನ ಮಟ್ಟಕ್ಕೆ ಸಮೀಪವಾಗಿ ಕೆಂಪು ಎಲ್ಲಕ್ಕಿಂತ ಕೆಳಗೆ. ನಾಲ್ಕು ದೀಪಗಳ ಕಂಬದಲ್ಲಿ ಹಳದಿ, ಹಸಿರು, ಹಳದಿ, ಕೆಂಪು ಎಂದಿರುತ್ತದೆ. ಒಂದು ಹಳದಿ ಉರಿದರೆ ಮುಂದಿನ ಸಂಕೇತದಲ್ಲಿ ನಿಲ್ಲಲು ಸಿದ್ಧನಾಗಿರಬೇಕೆಂದೂ, ಎರಡು ಹಳದಿಗಳು ಉರಿದರೆ ಮುಂದಿನದನ್ನು ತಗ್ಗಿಸಿದ ವೇಗದಲ್ಲಿ ದಾಟಲು ಸಿದ್ಧನಾಗಿರಬೇಕೆಂದೂ ಅರ್ಥ. ಕಂಬವು ಸಾಮಾನ್ಯವಾಗಿ ಹಳಿಯ ಎಡಗಡೆಯಲ್ಲಿರುತ್ತದೆ. ಹಳೆಯ ಕಾಲದ ಕೈಮರವನ್ನು ಮಾಡಬೇಕೆನ್ನುವವರು ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ, ಹಿಂದಿನ ಸಂಕೇತಗಳನ್ನೂ ದೀಪಗಳನ್ನೂ ಹತ್ತಿರದಿಂದ ನೋಡಬಹುದು.

ಈಗ ಆಯ್ಕೆಯ ವಿಷಯ. ಜರ್ಮನಿಯ ಫೀಸ್‌ಮನ್ ಮುಂತಾದ ಕಂಪನಿಗಳ ಸಿದ್ಧ ಕಂಬಗಳು ಸೊಗಸಾದವುಗಳೇ. ಆದರೆ ಒಂದೊಂದಕ್ಕೆ ಸಾವಿರಾರು ರೂಪಾಯಿ ತೆರಬೇಕು, ಮತ್ತು ಅವು ಜರ್ಮನಿಯ ಸಂಕೇತಗಳೇ ಹೊರತು ನಮ್ಮವಲ್ಲ. ಚೀನಾದಿಂದ ಹತ್ತಿಪ್ಪತ್ತರ ಕಟ್ಟಿನಲ್ಲಿ ಬರುವ ಹೆಸರಿಲ್ಲದ ಕಂಬಗಳು ಅಗ್ಗ. ಅವುಗಳಲ್ಲಿ ಬಣ್ಣಗಳ ಕ್ರಮವನ್ನೂ ತಂತಿಗಳ ಗುರುತನ್ನೂ ಒಂದೊಂದಾಗಿ ಪರೀಕ್ಷಿಸಿಕೊಂಡೇ ಬಳಸಬೇಕು. ಈ ಎರಡಕ್ಕಿಂತಲೂ ಉತ್ತಮವಾದುದು ಕೈಯಿಂದ ಮಾಡಿಕೊಳ್ಳುವುದು. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ಎಲ್‌ಇಡಿ, ರೆಸಿಸ್ಟರ್, ಸ್ವಿಚ್ಚು, ತಂತಿಗಳೆಲ್ಲವೂ ಅತ್ಯಲ್ಪ ಬೆಲೆಗೆ ದೊರೆಯುತ್ತವೆ. ಹಿಂದೆ ಈ ಕೆಲಸಕ್ಕೆ ಬಳಸುತ್ತಿದ್ದ, ಗೋಧಿಯ ಕಾಳಿನಷ್ಟು ಗಾತ್ರದ ತಂತುದೀಪಗಳನ್ನು ಈಗ ಯಾರೂ ಕೊಳ್ಳಬೇಕಾಗಿಲ್ಲ: ಅವು ಕಾದು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ, ಮತ್ತು ಒಂದು ದಿನ ಉರಿದುಹೋಗುತ್ತವೆ.

ದೀಪದ ಗಾತ್ರವನ್ನು ಲೆಕ್ಕದಿಂದಲೇ ನಿಶ್ಚಯಿಸಬಹುದು. ನಿಜವಾದ ಸಂಕೇತದ ಮಸೂರದ ವ್ಯಾಸ ಇಪ್ಪತ್ತು ಸೆಂಟಿಮೀಟರಿನ ಆಸುಪಾಸಿನದು. ಅದನ್ನು 87ರಿಂದ ಭಾಗಿಸಿದರೆ 2.3 ಮಿಲಿಮೀಟರ್ ಆಗುತ್ತದೆ. ಅಂಗಡಿಯ 5 ಮಿಲಿಮೀಟರಿನ ಎಲ್‌ಇಡಿ ಈ ಪ್ರಮಾಣಕ್ಕೆ ವಿಕಾರವಾಗಿ ದೊಡ್ಡದು, 3 ಮಿಲಿಮೀಟರಿನದು ತುಸು ದಪ್ಪವಾದರೂ ಕಣ್ಣಿಗೆ ಒಪ್ಪುತ್ತದೆ, 1.8ರದು ಸಿಕ್ಕಿದರೆ ಬಹಳ ಲೇಸು. ಬಣ್ಣದ ಹೊದಿಕೆಯ ಎಲ್‌ಇಡಿಗಿಂತ, ಆರಿದಾಗ ಬಣ್ಣವೇ ಕಾಣದ ತಿಳಿಗಾಜಿನಂಥದನ್ನು ಆರಿಸಿಕೊಂಡು, ಅದರ ತಲೆಯನ್ನು ನಯವಾದ ಉಜ್ಜುಕಾಗದದಿಂದ ಸ್ವಲ್ಪ ಮಬ್ಬುಗೊಳಿಸುವುದು ಮೇಲು. ಹಾಗೆ ಮಾಡಿದರೆ ಬೆಳಕು ಪಕ್ಕದಿಂದಲೂ ಕಾಣುತ್ತದೆ, ಮತ್ತು ಆರಿದ ಕೆಂಪನ್ನು ಉರಿಯುವ ಕೆಂಪೆಂದು ಭ್ರಮಿಸುವ ಪ್ರಸಂಗ ಬರುವುದಿಲ್ಲ.

ಬಣ್ಣಗಳಲ್ಲಿ ಹಸಿರೇ ಕಷ್ಟದ್ದು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲಿಯೇ ನಿರ್ಮಿಸಿದ್ದನು. ಆದರೆ ಅನಂತರ ಬಹುಕಾಲ ‘ಹಸಿರು’ ಎಂದು ಮಾರಾಟವಾದುದು ಹಳದಿಗೆ ಹತ್ತಿರವಾದ, ಎಳೆಯ ಚಿಗುರಿನ ಬಣ್ಣದ ಬೆಳಕು. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿ 2014ರ ನೊಬೆಲ್ ಪಾರಿತೋಷಕವನ್ನು ಪಡೆದ ಅಕಸಾಕಿ, ಅಮಾನೊ, ನಕಮುರ ಎಂಬ ವಿಜ್ಞಾನಿಗಳು ಸಾಧಿಸಿದ ದ್ರವ್ಯದಿಂದಲೇ ಶುದ್ಧವಾದ ಹಸಿರೂ ದೊರೆಯಿತು. ಹಳೆಯ ಬಗೆಯ ಹಸಿರು ಈಗಲೂ ಅಂಗಡಿಗಳಲ್ಲಿದೆ. ಹಳದಿಯ ಪಕ್ಕದಲ್ಲಿ ಅದನ್ನಿಟ್ಟರೆ ನಾಲ್ಕು ಅಡಿ ದೂರದಿಂದ ಯಾವುದು ಯಾವುದೆಂದು ತಿಳಿಯದು. ಆದಕಾರಣ ಕೊಳ್ಳುವ ಮುನ್ನ ಮೂರನ್ನೂ ಉರಿಸಿ ಒಟ್ಟಿಗೆ ನೋಡಬೇಕು. ಹೊಸ ಹಸಿರಿಗೆ ಸುಮಾರು 3 ವೋಲ್ಟು ಬೇಕು; ಕೆಂಪಿಗೂ ಹಳದಿಗೂ 2 ವೋಲ್ಟು ಸಾಕು.

ಕಂಬಕ್ಕೆ ಹಿತ್ತಾಳೆಯ ಸಣ್ಣ ಕೊಳವೆ ಯೋಗ್ಯವಾದುದು. ಏತಕ್ಕೆಂದರೆ ಅದು ಗಟ್ಟಿಯಾದುದಷ್ಟೇ ಅಲ್ಲ, ತಾನೇ ಒಂದು ತಂತಿಯ ಕೆಲಸವನ್ನೂ ಮಾಡುತ್ತದೆ. ಎಲ್‌ಇಡಿಯ ಉದ್ದನೆಯ ಕಾಲು ಧನ, ಗಿಡ್ಡನೆಯದು ಋಣ. ಮೂರರ ಧನದ ಕಾಲುಗಳನ್ನೂ ಕೊಳವೆಗೆ ಬೆಸೆದು, ಉಳಿದ ಮೂರಕ್ಕೆ ಎನಾಮಲ್ ಲೇಪಿತವಾದ ಕೂದಲೆಳೆಯ ತಾಮ್ರದ ತಂತಿಯನ್ನು ಬೆಸೆದು ಕೊಳವೆಯೊಳಗಿನಿಂದ ಹಲಗೆಯ ಕೆಳಕ್ಕೆ ಇಳಿಸಬಹುದು. ಈ ತಂತಿ ಹಾಳಾದ ರಿಲೇಯ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚಿನ, ಸುರುಳಿಯಲ್ಲಿಯೂ ಸಿಗುತ್ತದೆ. ಎಲ್‌ಇಡಿಗಳ ಬೆನ್ನಿಗೆ ಕಪ್ಪು ಬಣ್ಣವನ್ನು ಎರಡು ಸಲ ಬಳಿಯದಿದ್ದರೆ ಬೆಳಕು ಹಿಂದಕ್ಕೂ ಪಕ್ಕದ ಮಸೂರಕ್ಕೂ ಸೋರುತ್ತದೆ.

ವಿದ್ಯುತ್ತನ್ನು ಹಳಿಯಿಂದ ತೆಗೆದುಕೊಳ್ಳುವುದು ಬಹಳ ಜನರಿಗೆ ಮೊದಲು ತೋರುವ ಉಪಾಯ; ಅದನ್ನು ಬಿಡಬೇಕು. ಸಾಮಾನ್ಯವಾದ ನೇರಪ್ರವಾಹದ ಮಾದರಿಯಲ್ಲಿ ಹಳಿಯ ವೋಲ್ಟೇಜು ಗಾಡಿಯ ವೇಗದೊಡನೆ ಏರಿಳಿಯುತ್ತದೆ, ದಿಕ್ಕಿನೊಡನೆ ಧನಋಣಗಳು ಅದಲುಬದಲಾಗುತ್ತವೆ. ಗಾಡಿ ನಿಂತಾಗ, ಅಂದರೆ ಕೆಂಪು ದೀಪದ ಅಗತ್ಯ ಅತಿಶಯವಾಗಿರುವಾಗಲೇ, ದೀಪ ಆರಿಹೋಗುತ್ತದೆ. ಮನೆಯಲ್ಲಿ ಹಳೆಯದಾದ ರೌಟರಿನದೋ ಸೆಟ್‌ಟಾಪ್ ಪೆಟ್ಟಿಗೆಯದೋ 12 ವೋಲ್ಟಿನ ಅಡಾಪ್ಟರು ಇದ್ದರೆ ಅದೇ ಧಾರಾಳವಾಯಿತು; 1 ಆಂಪಿಯರಿನ ಅಡಾಪ್ಟರು ಹತ್ತಾರು ಕಂಬಗಳನ್ನು ಪೋಷಿಸಬಲ್ಲದು. ಅದರ ಮುಂದೆ ಚಿಕ್ಕದೊಂದು ಫ್ಯೂಸು ಇರಲಿ. 230 ವೋಲ್ಟಿನ ಮನೆಯ ವಿದ್ಯುತ್ತು ಮಾತ್ರ ಯಾವ ಕಾರಣಕ್ಕೂ ಹಲಗೆಯ ಕೆಳಗೆ ಬರಕೂಡದು.

ಎಲ್‌ಇಡಿಯನ್ನು ನೇರವಾಗಿ 12 ವೋಲ್ಟಿಗೆ ಜೋಡಿಸಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪ್ರವಾಹವನ್ನು ತಡೆಯುವ ರೆಸಿಸ್ಟರ್ ಬೇಕು. ಹನ್ನೆರಡರಲ್ಲಿ ಕೆಂಪು ದೀಪದ ಎರಡನ್ನು ಕಳೆದರೆ ಉಳಿಯುವುದು 10 ವೋಲ್ಟು. 10 ಮಿಲಿಆಂಪಿಯರು ಹರಿಯಬೇಕಾದರೆ ಹತ್ತನ್ನು 0.01ರಿಂದ ಭಾಗಿಸಿ 1000 ಓಂ ಎಂದು ತಿಳಿಯುತ್ತದೆ. ಅಲ್ಲಿ ವ್ಯಯವಾಗುವ ಶಕ್ತಿ ವಾಟಿನ ಹತ್ತರಲ್ಲೊಂದು ಭಾಗ ಮಾತ್ರ. ಕಾಲು ವಾಟಿನ ರೆಸಿಸ್ಟರ್ ಬಿಸಿಯಾಗದು. ಇಂದಿನ ಹಸಿರು ಎಲ್‌ಇಡಿಗಳು ಅತಿ ಪ್ರಖರವಾಗಿರುವುದರಿಂದ ಅವಕ್ಕೆ 3300 ಓಂ, ಕೆಲವೊಮ್ಮೆ ಇನ್ನೂ ಹೆಚ್ಚು, ಹಾಕಿದರೆ ಕೆಂಪಿನೊಡನೆ ಸಮವಾಗಿ ಕಾಣುತ್ತವೆ. ಕೊನೆಯ ನಿರ್ಣಯ ಲೆಕ್ಕದ್ದಲ್ಲ, ಕಣ್ಣಿನದು. ಒಂದು ಕಂಬಕ್ಕೆಲ್ಲ ಒಂದೇ ರೆಸಿಸ್ಟರ್ ಸಾಕೆಂದು ಕೆಲವರು ಹೇಳುವುದುಂಟು. ಒಮ್ಮೆಗೆ ಒಂದೇ ದೀಪ ಉರಿಯುವಲ್ಲಿ ಅದು ಸುಳ್ಳಲ್ಲ. ಆದರೆ ಹಾಗೆ ಮಾಡಿದರೆ ಬಣ್ಣಗಳ ಪ್ರಖರತೆಯನ್ನು ಸಮಗೊಳಿಸಲಾಗದು. ಮೇಲಾಗಿ ನಾಲ್ಕು ದೀಪಗಳ ಕಂಬದಲ್ಲಿ ಎರಡು ಹಳದಿಗಳು ಕೂಡಿ ಉರಿಯುವಾಗ, ಒಂದೇ ನಲ್ಲಿಯ ನೀರನ್ನು ಎರಡು ಕೊಡಗಳಿಗೆ ಹಂಚಿದಂತೆ ಎರಡೂ ಮಂಕಾಗುತ್ತವೆ. ಒಂದೊಂದು ದೀಪಕ್ಕೆ ಒಂದೊಂದು ರೆಸಿಸ್ಟರ್ ಎಂಬುದೇ ನನ್ನ ಸಲಹೆ.

ಇನ್ನು ಮುಖ್ಯವಾದ ಭಾಗ. ದೀಪಗಳೆಲ್ಲದರ ಧನವು ಒಂದೇ ತಂತಿಗೆ ಸೇರಿರುವುದರಿಂದ ನಾವು ಸ್ವಿಚ್ಚಿನಿಂದ ಹಂಚಬೇಕಾದುದು ಋಣವನ್ನು ಮಾತ್ರ. ಅಂಗಡಿಯವರು ಆರು ಕಾಲಿನ ಸ್ವಿಚ್ಚು ಎನ್ನುವ, ಒಳಗೆ ಎರಡು ಸ್ವಿಚ್ಚುಗಳು ಜೊತೆಯಾಗಿ ತಿರುಗುವ ಬಗೆಯದನ್ನು ಪ್ರತಿ ಕಂಬಕ್ಕೂ ಒಂದರಂತೆ ಇಟ್ಟುಕೊಳ್ಳಿರಿ. ಅದರ ಮೊದಲ ಅರ್ಧದ ನಡುವಿನ ಕಾಲಿಗೆ ಋಣವನ್ನು ಕೊಟ್ಟು, ಒಂದು ಬದಿಯ ಕಾಲನ್ನು ಅದೇ ಕಂಬದ ಕೆಂಪಿಗೆ ಜೋಡಿಸಿ, ಮತ್ತೊಂದು ಬದಿಯ ಕಾಲಿನಿಂದ ಹೊರಡುವ ತಂತಿಯನ್ನು ಮುಂದಿನ ಕಂಬದ ಸ್ವಿಚ್ಚಿನ ಎರಡನೆಯ ಅರ್ಧದ ನಡುವಿನ ಕಾಲಿಗೆ ಒಯ್ಯಬೇಕು. ಆ ಎರಡನೆಯ ಅರ್ಧದ ಒಂದು ಬದಿ, ಅಂದರೆ ಮುಂದಿನ ಕಂಬ ಕೆಂಪಾಗಿರುವಾಗ ಕೂಡುವ ಬದಿ, ಹಿಂದಿನ ಕಂಬದ ಹಳದಿಗೂ, ಇನ್ನೊಂದು ಬದಿ ಅದರ ಹಸಿರಿಗೂ ಸೇರಬೇಕು. ಹೀಗೆ ಮಾಡಿದಾಗ ಪ್ರತಿಯೊಂದು ಸ್ವಿಚ್ಚೂ ತನ್ನ ಕಂಬವು ನಿಲ್ಲಿಸಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುವುದರ ಜೊತೆಗೆ, ಹಿಂದಿನ ಕಂಬಕ್ಕೆ ತನ್ನ ಸ್ಥಿತಿಯನ್ನು ತಾನೇ ತಿಳಿಸುತ್ತದೆ. ಮುಂದಿನ ಸ್ವಿಚ್ಚು ಕೆಂಪಿಗಿದ್ದರೆ ಹಿಂದೆ ಹಸಿರು ತೋರುವುದು ಆಗ ಅಸಾಧ್ಯ. ನಿಜವಾದ ರೈಲುದಾರಿಯಲ್ಲಿ ಬಣ್ಣಗಳು ಒಂದನ್ನೊಂದು ಅನುಸರಿಸುವ ನಿಯಮದ ಸಾರಾಂಶ ಇಲ್ಲಿ ಬಂದಂತಾಯಿತು.

ಪಾಯಿಂಟಿನ ವಿಷಯದಲ್ಲಿಯೂ ಇದೇ ನ್ಯಾಯ. ಹಲಗೆಯ ಕೆಳಗೆ ಜಾರುವ ಬಗೆಯ ಸ್ವಿಚ್ಚೊಂದನ್ನು ನಿಲ್ಲಿಸಿ, ಅದರ ಗುಬಟಿಗೆ ಉಕ್ಕಿನ ತಂತಿಯೊಂದನ್ನು ಕಟ್ಟಿ ಪಾಯಿಂಟಿನ ನಾಲಗೆಗಳಿಗೆ ಸೇರಿಸಿದರೆ, ಅದನ್ನು ಎಳೆದಾಗ ಹಳಿಯೂ ತಿರುಗುತ್ತದೆ, ಒಳಗಿನ ಸಂಪರ್ಕವೂ ಬದಲಾಗುತ್ತದೆ. ಕಂಬದ ಸ್ವಿಚ್ಚಿಗೆ ಹೋಗುವ ಋಣವನ್ನು ಮೊದಲು ಇದರ ನಡುವಿನ ಕಾಲಿಗೆ ತಂದು, ಹಳಿ ಲೂಪ್ ಲೈನಿಗೆ ತಿರುಗಿರುವಾಗ ಕೂಡುವ ಬದಿಯನ್ನು ನೇರವಾಗಿ ಕೆಂಪಿಗೂ, ಮೇನ್ ಲೈನಿಗೆ ಇರುವಾಗ ಕೂಡುವ ಬದಿಯನ್ನು ಕಂಬದ ಸ್ವಿಚ್ಚಿಗೂ ಕೊಡಬೇಕು. ಪಾಯಿಂಟು ತಪ್ಪು ದಾರಿಗಿರುವ ತನಕ ಆಡಿಸುವವನು ಎಷ್ಟು ಸಲ ಸ್ವಿಚ್ಚನ್ನು ಒತ್ತಿದರೂ ಕೆಂಪು ಕದಲುವುದಿಲ್ಲ. ಸ್ಯಾಕ್ಸ್‌ಬಿಯ ಯಂತ್ರವು ಉಕ್ಕಿನ ಸಲಾಕೆಗಳಿಂದ ಮಾಡಿದ ಕೆಲಸವನ್ನು ಅತ್ಯಲ್ಪ ಬೆಲೆಯ ಸ್ವಿಚ್ಚೊಂದು ಇಲ್ಲಿ ಮಾಡುತ್ತದೆ. ರಿಲೇಗಳನ್ನು ಬಳಸುವವರು, ಸುರುಳಿಯಲ್ಲಿ ವಿದ್ಯುತ್ತಿಲ್ಲದಾಗ ಕೂಡಿರುವ ಸಂಪರ್ಕಕ್ಕೆ ಕೆಂಪನ್ನು ಜೋಡಿಸಬೇಕು. ಆಗ ಸುರುಳಿಯ ತಂತಿ ಹರಿದರೂ ಕಂಬವು ಕೆಂಪನ್ನೇ ತೋರಿಸುತ್ತದೆ.

ಗಾಡಿ ಬಂದದ್ದನ್ನು ತಾನೇ ಅರಿತು ಬಣ್ಣ ಬದಲಿಸಬೇಕೆನ್ನುವವರಿಗೆ ಆರ್ಡುಯಿನೊ ಎಂಬ ಚಿಕ್ಕ ಗಣಕಫಲಕವೂ ಅತಿಗೆಂಪು ಸೆನ್ಸರುಗಳೂ ಉಂಟು. ಅದರ ಒಂದೊಂದು ಕಾಲಿನಿಂದ ಆ ಮಾದರಿಗೆ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ಪ್ರವಾಹವನ್ನು ಸೆಳೆಯಬಾರದು. 5 ವೋಲ್ಟಿನ ಆ ಫಲಕಕ್ಕೆ 12 ವೋಲ್ಟಿನ ದೀಪದ ತಂತಿಗಳನ್ನು ನೇರವಾಗಿ ಸೇರಿಸಬಾರದು. ಆದರೆ ಸ್ವಿಚ್ಚುಗಳ ಸಂಬಂಧವನ್ನು ಮೊದಲು ಕೈಯಿಂದ ಕಟ್ಟಿ ಅರಿತವನಿಗೆ ಮಾತ್ರ ಆ ಫಲಕ ನಿಜವಾಗಿ ಉಪಯುಕ್ತ.

ಕಂಬಗಳ ಅಂತರದಲ್ಲಿ ಮಾತ್ರ ಲೆಕ್ಕವನ್ನು ಸಡಿಲಿಸದೆ ಗತಿಯಿಲ್ಲ: ನಿಜವಾದ 1 ಕಿಲೋಮೀಟರು ಈ ಪ್ರಮಾಣದಲ್ಲಿ ಹನ್ನೊಂದೂವರೆ ಮೀಟರು, ಅಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದ್ದೀತು? ಎರಡು ಕಂಬಗಳ ನಡುವೆ ನಿಮ್ಮ ಅತ್ಯಂತ ಉದ್ದವಾದ ಗಾಡಿ ಪೂರ್ತಿಯಾಗಿ ನಿಲ್ಲುವಷ್ಟು ಜಾಗವಿದ್ದರೆ ಸಾಕು.

ಈ ಹವ್ಯಾಸವುಳ್ಳ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಬೋಗಿಗೆಂದು ಕೂಡಿಟ್ಟ ಹಣದಲ್ಲಿ ಒಂದಂಶವನ್ನು ತೆಗೆದು, ಒಂದು ಪಾಯಿಂಟಿಗೂ ಅದನ್ನು ಕಾಯುವ ಎರಡು ಕಂಬಗಳಿಗೂ ಈ ರೀತಿಯಲ್ಲಿ ತಂತಿ ಜೋಡಿಸಿ ನೋಡಿರಿ, ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು, ಕೆಂಪು ಏಕೆ ಬಂತೆಂಬುದನ್ನು ಅವರಿಂದಲೇ ಹೇಳಿಸಿರಿ.