ಬೇಸಿಗೆಯ ವರ್ಗಗಳು ಮತ್ತು ಬಡಮಕ್ಕಳ ಶಾಲಾಪ್ರವೇಶ : ಒಂದು ಐತಿಹಾಸಿಕ ವಿವೇಚನೆ

ಮಿರಗದ ಮಳೆ ಬೀಳುವ ಹೊತ್ತಿಗೆ ನಮ್ಮ ಭಾಗದ ಪ್ರಾಥಮಿಕ ಶಾಲೆಗಳ ಒಂದನೆಯ ಇಯತ್ತೆಗೆ ಎರಡು ಬಗೆಯ ಮಕ್ಕಳು ಬಂದು ಸೇರುತ್ತಾರೆ. ಒಂದು ಬಗೆಯ ಮಗು ಮನೆಯಲ್ಲಿ ಪುಸ್ತಕವನ್ನು ಕಂಡಿರುತ್ತದೆ. ಪಾಟಿಯ ಮೇಲೆ ಗೀಚಿರುತ್ತದೆ. ಎರಡು ಮೂರು ವರ್ಷ ಶಿಶುವಿಹಾರಕ್ಕೆ ಹೋಗಿ ಬಂದಿರುತ್ತದೆ. ಇನ್ನೊಂದು ಬಗೆಯ ಮಗುವಿಗೆ ಶಾಲೆಯ ಕೋಣೆ, ಗಂಟೆಯ ಸಪ್ಪಳ, ಸಾಲುಗಟ್ಟಿ ಕೂಡ್ರುವ ರೀತಿ, ಅಕ್ಕೋರು ಆಡುವ ಪುಸ್ತಕದ ಮಾತು ಇವೆಲ್ಲ ಒಂದೇ ದಿನ ಎದುರಾಗುವ ಅಪರಿಚಿತ ಸಂಗತಿಗಳು. ಈ ಎರಡನೆಯ ಮಗುವನ್ನು ಬೇಸಿಗೆಯ ಸೂಟಿಯ ಕೆಲವು ವಾರಗಳಲ್ಲಿ ಅಣಿಗೊಳಿಸಿ, ಮೊದಲನೆಯ ಮಗುವಿನ ಸರಿಸಮಕ್ಕೆ ತಂದು ನಿಲ್ಲಿಸಲು ಸಾಧ್ಯವೇ? ಈ ಪ್ರಶ್ನೆಯನ್ನು ಶಿಕ್ಷಣತಜ್ಞರು ಅನೇಕ ಸಲ ಕೇಳಿಕೊಂಡಿದ್ದಾರೆ. ಇದಕ್ಕೆ ಇತಿಹಾಸವು ಕೊಡುವ ಉತ್ತರವೇನೆಂಬುದನ್ನು ಸಂಕ್ಷೇಪವಾಗಿ ವಿವರಿಸುವದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಧಾರವಾಡದ ಸಪ್ತಾಪುರದಲ್ಲಿ ಓಡಾಡುವವರಿಗೆ ಈ ಪ್ರಶ್ನೆಯ ಮಹತ್ವವು ಬೇಗನೆ ಮನದಟ್ಟಾಗುವದು. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗಾಗಿ ಈ ಬಡಾವಣೆಯು ಇಂದು ನಾಡಿನಲ್ಲೆಲ್ಲ ಹೆಸರಾಗಿದೆ. ದೂರದ ಜಿಲ್ಲೆಗಳ ತರುಣ ತರುಣಿಯರು ಇಲ್ಲಿ ಬಾಡಿಗೆಯ ಕೋಣೆಗಳನ್ನು ಹಿಡಿದು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಒಂದೇ ಒಂದು ಪರೀಕ್ಷೆಗಾಗಿ ಸಿದ್ಧರಾಗುವರು. ಸಿದ್ಧತೆಯಿಲ್ಲದೆ ಪರೀಕ್ಷೆಗೆ ಕೂಡ್ರಬಾರದೆಂಬುದನ್ನು ಇಲ್ಲಿಯ ಓಣಿಗಳಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕೋಣೆಗಳನ್ನು ಕಟ್ಟಿದ ಗೌಂಡಿಗಳ, ಆ ಮನೆಗಳಲ್ಲಿ ಕಸಮುಸುರೆ ಮಾಡುವ ಹೆಣ್ಣುಮಕ್ಕಳ ಮಕ್ಕಳು ತಮ್ಮ ಆರನೆಯ ವಯಸ್ಸಿನಲ್ಲಿ ಎದುರಿಸುವ ಪರೀಕ್ಷೆಯು ಇದಕ್ಕಿಂತ ಚಿಕ್ಕದೇನೂ ಅಲ್ಲ. ಅದಕ್ಕೆ ಎಷ್ಟು ದಿನಗಳ ಸಿದ್ಧತೆ ಸಾಕು?

ಎಂಟು ವಾರಗಳು ಸಾಕೆಂದು ನಂಬಿ ಹೊರಟ ಪ್ರಯೋಗಗಳಲ್ಲಿ ಅತ್ಯಂತ ದೊಡ್ಡದು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ನಡೆಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ನರು ೧೯೬೪ರ ಜನವರಿಯಲ್ಲಿ ಬಡತನದ ವಿರುದ್ಧ ಯುದ್ಧವನ್ನು ಸಾರಿದರು. ಆ ಯುದ್ಧದ ಅಂಗವಾಗಿ ೧೯೬೫ರ ಬೇಸಿಗೆಯಲ್ಲಿ ‘ಹೆಡ್ ಸ್ಟಾರ್ಟ್’ ಎಂಬ ಯೋಜನೆಯು ಆರಂಭವಾಯಿತು. ಓಟದ ಪಂದ್ಯದಲ್ಲಿ ಹಿಂದುಳಿಯುವವನಿಗೆ ನಾಲ್ಕು ಹೆಜ್ಜೆ ಮುಂದೆ ನಿಲ್ಲಲು ಅವಕಾಶ ಕೊಡುವದೆಂಬುದು ಈ ಹೆಸರಿನ ಭಾವ. ಶರತ್ಕಾಲದಲ್ಲಿ ಕಿಂಡರ್‌ಗಾರ್ಟನ್ನಿಗೆ ಇಲ್ಲವೆ ಒಂದನೆಯ ವರ್ಗಕ್ಕೆ ಸೇರಲಿದ್ದ ಬಡಮಕ್ಕಳಿಗೆ ಅದಕ್ಕೆ ಮುಂಚಿನ ಎಂಟು ವಾರಗಳಲ್ಲಿ ಆಟಪಾಠಗಳ ಜೊತೆಗೆ ಊಟ, ವೈದ್ಯಕೀಯ ತಪಾಸಣೆ, ಹಲ್ಲುಗಳ ಚಿಕಿತ್ಸೆ ಇವುಗಳನ್ನು ಒದಗಿಸಲಾಯಿತು. ಮೊದಲನೆಯ ಬೇಸಿಗೆಯಲ್ಲಿಯೇ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಇದರಲ್ಲಿ ಸೇರಿದರು.

ಉತ್ಸಾಹದ ಈ ಹೊನಲಿಗೆ ನಾಲ್ಕು ವರ್ಷಗಳಲ್ಲಿಯೇ ತಡೆಯೊದಗಿತು. ೧೯೬೯ರಲ್ಲಿ ಪ್ರಕಟವಾದ ವೆಸ್ಟಿಂಗ್‌ಹೌಸ್ ವರದಿಯು ಬೇಸಿಗೆಯ ವರ್ಗಗಳಿಂದ ಮಕ್ಕಳ ಕಲಿಕೆಯಲ್ಲಿ ಬಾಳಿಕೆಯ ಪರಿಣಾಮವು ಕಂಡುಬರಲಿಲ್ಲವೆಂದು ಹೇಳಿತು. ವರ್ಷವಿಡೀ ನಡೆದ ವರ್ಗಗಳ ಪರಿಣಾಮವೂ ಅಲ್ಪವೇ ಎಂದಿತು. ವರದಿಯು ಅನುಸರಿಸಿದ ಪದ್ಧತಿಯನ್ನು ಅನೇಕ ವಿದ್ವಾಂಸರು ಟೀಕಿಸಿದರೆಂಬುದು ನಿಜ. ಆದರೂ ಎಂಟು ವಾರಗಳ ವಿಷಯದಲ್ಲಿ ಅದರ ತೀರ್ಪನ್ನು ಅಲ್ಲಗಳೆಯುವದು ಕಠಿಣವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಬೇಸಿಗೆಯ ವರ್ಗಗಳು ಹಿಂದೆ ಸರಿದು, ಅವುಗಳ ಸ್ಥಾನವನ್ನು ಪೂರ್ಣವರ್ಷದ ವರ್ಗಗಳು ಆಕ್ರಮಿಸಿದವು. ಯೋಜನೆಯು ಅಳಿಯಲಿಲ್ಲ, ಬೇಸಿಗೆಯೊಂದರಲ್ಲಿ ಕೆಲಸ ತೀರುವದೆಂಬ ನಂಬಿಕೆಯು ಅಳಿಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಯೋಗವು ಅದೇ ದೇಶದ ಮಿಶಿಗನ್ ಸಂಸ್ಥಾನದ ಇಪ್ಸಿಲಾಂಟಿ ಎಂಬ ಊರಿನಲ್ಲಿ ನಡೆಯಿತು. (ಸಪ್ತಾಪುರದ ಮಿಚಿಗನ್ ಕಂಪೌಂಡಿನ ನಿವಾಸಿಗಳಿಗೆ ಈ ಹೆಸರು ಹೊಸದೆನಿಸಲಾರದು.) ಅಲ್ಲಿಯ ಪೆರಿ ಶಾಲೆಯಲ್ಲಿ ೧೯೬೨ರಿಂದ ೧೯೬೭ರ ವರೆಗೆ ನಡೆದ ಈ ಪ್ರಯೋಗದಲ್ಲಿ ಒಟ್ಟು ೧೨೩ ಬಡಮಕ್ಕಳಿದ್ದರು. ಅವರಲ್ಲಿ ೫೮ ಮಕ್ಕಳಿಗೆ ಮಾತ್ರ ಶಾಲಾಪೂರ್ವ ಶಿಕ್ಷಣವನ್ನು ಕೊಟ್ಟು, ಉಳಿದವರನ್ನು ಹೋಲಿಕೆಗಾಗಿ ಇರಿಸಿಕೊಳ್ಳಲಾಗಿತ್ತು. ಬಹುಪಾಲು ಮಕ್ಕಳು ಎರಡು ವರ್ಷ ಕಲಿತರು. ದಿನಕ್ಕೆ ಎರಡೂವರೆ ತಾಸಿನ ವರ್ಗವಲ್ಲದೆ, ಶಿಕ್ಷಕಿಯು ವಾರಕ್ಕೊಮ್ಮೆ ಮಗುವಿನ ಮನೆಗೆ ಹೋಗಿ ತಾಯಿಯೊಡನೆ ಕೂಡ್ರುತ್ತಿದ್ದಳು. ಇದರ ಫಲವು ವಿಚಿತ್ರವಾಗಿದೆ. ಬುದ್ಧಿಮಾಪನದ ಅಂಕಗಳಲ್ಲಿ ಕಂಡ ಹೆಚ್ಚಳವು ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ಅದೇ ಮಕ್ಕಳನ್ನು ಅವರ ನಾಲ್ವತ್ತನೆಯ ವಯಸ್ಸಿನ ವರೆಗೂ ಹಿಂಬಾಲಿಸಿ ನೋಡಿದಾಗ, ಶಾಲೆಯನ್ನು ಮುಗಿಸಿದವರ ಪ್ರಮಾಣವೂ ಗಳಿಕೆಯೂ ಅವರಲ್ಲಿ ಹೆಚ್ಚಾಗಿದ್ದು, ಪೋಲೀಸರ ಕೈಗೆ ಸಿಕ್ಕವರ ಪ್ರಮಾಣವು ಕಡಮೆಯಾಗಿತ್ತು. ೧೨೩ ಮಕ್ಕಳ ಪ್ರಯೋಗದಿಂದ ಜಗತ್ತಿಗೆಲ್ಲ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಎರಡು ವರ್ಷಗಳ ಒಡನಾಟವನ್ನೂ ಎಂಟು ವಾರಗಳ ತರಬೇತಿಯನ್ನೂ ಒಂದೇ ತೂಕದಲ್ಲಿ ತೂಗಬಾರದೆಂಬಷ್ಟನ್ನು ಅದು ತೋರಿಸಿಕೊಟ್ಟಿದೆ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಶಾಲಾಪೂರ್ವ ಶಿಕ್ಷಣದ ವಿಚಾರವು ನಮಗೆ ಅಮೇರಿಕೆಯಿಂದ ಬಂದುದಲ್ಲ. ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಅವರ ಸಹಕಾರಿಯಾಗಿದ್ದ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೇಂದ್ರವನ್ನು ಸ್ಥಾಪಿಸಿದರು. ಆಗ ಠಾಣೆಯೂ ಧಾರವಾಡವೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದುವೆಂಬುದನ್ನು ಇಲ್ಲಿ ನೆನೆಯಬೇಕು. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ತಾರಾಬಾಯಿಯವರು ಮಕ್ಕಳನ್ನು ದೂಷಿಸಲಿಲ್ಲ. ಬಾಲವಾಡಿಯನ್ನೇ ಆ ಮಕ್ಕಳ ಮನೆಯಂಗಳಕ್ಕೆ ಕೊಂಡೊಯ್ದರು. ಅಂಗಳದಲ್ಲಿ ನಡೆಯುವ ಈ ಶಾಲೆಯೇ ‘ಅಂಗನವಾಡಿ’. ೧೯೫೭ರಲ್ಲಿ ಈ ಕಾರ್ಯವು ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಅನುತಾಯಿ ವಾಘ ಅವರೊಡನೆ ದನ ಕಾಯುವ ಆದಿವಾಸಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆಯನ್ನು ನಡೆಸಿದುದೂ ಉಂಟು. ಮಗುವು ಎಲ್ಲಿರುವದೋ, ಯಾವಾಗ ಇರುವದೋ, ಅಲ್ಲಿಗೆ ಆಗ ಶಾಲೆಯು ಹೋಗಬೇಕೆಂಬುದೇ ಈ ಕಾರ್ಯದ ತಿರುಳು.

ಮುಂಬಯಿ ಪ್ರಾಂತದ ಶಾಲಾವ್ಯವಸ್ಥೆಯಲ್ಲಿ ಇನ್ನೊಂದು ಅಂಶವೂ ಇತ್ತು. ನಮ್ಮ ಹಿರಿಯರು ‘ಬಿನ್ನೆತ್ತೆ’ ಎಂದು ಕರೆಯುತ್ತಿದ್ದ ವರ್ಗವು ಒಂದನೆಯ ಇಯತ್ತೆಯ ಕೆಳಗೆ, ಅದೇ ಶಾಲೆಯ ಛಾವಣಿಯಡಿಯಲ್ಲಿಯೇ ಇರುತ್ತಿತ್ತು. ಅಲ್ಲಿಯ ಬೋಧನೆಯು ಆದರ್ಶವಾಗಿತ್ತೆಂದು ಹೇಳುವ ಉದ್ದೇಶ ಇಲ್ಲಿಲ್ಲ. ಆದರೆ ಮಗುವನ್ನು ಅಣಿಗೊಳಿಸುವ ಹೊಣೆಯು ಮನೆಯದಲ್ಲ, ಶಾಲೆಯದು ಎಂಬ ಒಪ್ಪಿಗೆ ಆ ವ್ಯವಸ್ಥೆಯಲ್ಲಿ ಅಡಗಿತ್ತು.

ಸ್ವಾತಂತ್ರ್ಯದ ಬಳಿಕ ೧೯೫೩ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜಕಲ್ಯಾಣ ಮಂಡಳಿಯು ಹಳ್ಳಿಗಳಲ್ಲಿ ಬಾಲವಾಡಿಗಳಿಗೆ ನೆರವಿತ್ತಿತು. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ ೩೩ ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ನಮ್ಮ ರಾಜ್ಯದಲ್ಲಿ ೬೫,೦೦೦ಕ್ಕೂ ಮಿಕ್ಕಿ ಅಂಗನವಾಡಿಗಳಿವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಹೀಗೆ ಆರು ಸೇವೆಗಳನ್ನು ಒಬ್ಬ ಕಾರ್ಯಕರ್ತೆಯು ಒಬ್ಬ ಸಹಾಯಕಿಯೊಡನೆ ನಡೆಸಿಕೊಂಡು ಹೋಗಬೇಕು. ಆಕೆಗೆ ದೊರೆಯುವದು ಸಂಬಳವಲ್ಲ, ಗೌರವಧನ. ತೂಕ ಮಾಡಿ, ದಾಖಲೆ ಬರೆದು, ಆಹಾರ ಹಂಚಿ ಉಳಿದ ಹೊತ್ತಿನಲ್ಲಿ ಹಾಡು, ಕಥೆ, ಆಟಗಳು ನಡೆಯಬೇಕು. ಆರು ಸೇವೆಗಳಲ್ಲಿ ಶಿಕ್ಷಣವು ಎಷ್ಟೋ ಕಡೆ ಕೊನೆಯದಾಗಿ ಉಳಿದಿದ್ದರೆ, ಅದರ ದೋಷವನ್ನು ಆಕೆಯ ಮೇಲೆ ಹೊರಿಸುವದು ನ್ಯಾಯವಾಗದು.

ಕಾನೂನಿನಲ್ಲಿಯೂ ಇದೇ ಮಸುಕು ಕಾಣುವದು. ೨೦೦೨ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆದರೆ ಆರು ವರ್ಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣವನ್ನು ೪೫ನೆಯ ಅನುಚ್ಛೇದದಲ್ಲಿ, ರಾಜ್ಯವು ಪ್ರಯತ್ನಿಸಬೇಕಾದ ಧ್ಯೇಯವಾಗಿ ಉಳಿಸಿತು. ಹಕ್ಕು ಆರನೆಯ ವರ್ಷದಿಂದ ಆರಂಭವಾದರೆ, ಕೊರತೆಯು ಅದಕ್ಕಿಂತ ಬಹಳ ಮೊದಲೇ ಆರಂಭವಾಗಿರುತ್ತದೆ.

ಬೇಸಿಗೆಯ ವರ್ಗಗಳ ಪ್ರಯೋಗವು ಕರ್ನಾಟಕದಲ್ಲಿಯೂ ನಡೆದಿದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಶಿಕ್ಷಣ ಇಲಾಖೆಯು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ‘ಚಿಣ್ಣರ ಅಂಗಳ’ವೆಂಬ ಶಿಬಿರಗಳನ್ನು ನಡೆಸಿತು. ಇವು ಶಾಲಾಪೂರ್ವ ವಯಸ್ಸಿನ ಮಕ್ಕಳಿಗಾಗಿ ಇದ್ದುವಲ್ಲ. ಶಾಲೆಯಿಂದ ಹೊರಗುಳಿದ, ದುಡಿಮೆಗೆ ಹತ್ತಿದ ಹೆಚ್ಚಿನ ವಯಸ್ಸಿನ ಮಕ್ಕಳನ್ನು ಎರಡು ತಿಂಗಳಲ್ಲಿ ಅಣಿಗೊಳಿಸಿ, ಜೂನ್ ತಿಂಗಳಲ್ಲಿ ಅವರ ವಯಸ್ಸಿಗೆ ತಕ್ಕ ಇಯತ್ತೆಗೆ ಸೇರಿಸುವದು ಅವುಗಳ ಗುರಿಯಾಗಿತ್ತು. ಇವುಗಳಿಂದ ಅನೇಕ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತೆಂಬುದನ್ನು ಮರೆಯಲಾಗದು. ಆದರೆ ಬಾಗಿಲನ್ನು ದಾಟಿಸುವದು ಒಂದು ಕೆಲಸ, ಒಳಗೆ ನಿಲ್ಲಿಸುವದು ಇನ್ನೊಂದು ಕೆಲಸ. ಎರಡನೆಯದು ಜೂನ್ ತಿಂಗಳಿನ ನಂತರ, ಶಾಲೆಯಲ್ಲಿಯೇ ಆಗಬೇಕಾದುದು.

ನಮ್ಮ ಭಾಗಕ್ಕೆ ಬೇಸಿಗೆಯ ವರ್ಗಗಳು ಒಗ್ಗದಿರುವದಕ್ಕೆ ಮತ್ತೊಂದು ಕಾರಣವೂ ಇದೆ. ಸುಗ್ಗಿ ಮುಗಿದ ಬಳಿಕ ಉತ್ತರ ಕರ್ನಾಟಕದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಸಾವಿರಾರು ಕುಟುಂಬಗಳು ಗೋವೆಗೆ, ಕರಾವಳಿಗೆ, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಚಿಕ್ಕ ಮಕ್ಕಳು ತಾಯಿಯ ಬೆನ್ನಿಗೇ ಹೋಗುವರು. ಭೂಮಿಯಿದ್ದವರು ಮುಂಗಾರಿನ ಬಿತ್ತಿಗೆಗೆ ಊರಿಗೆ ಮರಳುವರು. ಅಂದರೆ ಯಾವ ಮಗುವಿಗೆ ಸಿದ್ಧತೆಯು ಎಲ್ಲಕ್ಕಿಂತ ಹೆಚ್ಚು ಅವಶ್ಯವೋ, ಆ ಮಗುವು ಏಪ್ರಿಲ್ ಮೇ ತಿಂಗಳುಗಳಲ್ಲಿ ಊರಲ್ಲಿಯೇ ಇರುವದಿಲ್ಲ. ಊರಲ್ಲಿ ಉಳಿದವರಿಗಾಗಿ ತೆರೆದ ಬೇಸಿಗೆಯ ವರ್ಗವು, ಉಳಿಯಲು ಅನುಕೂಲವಿದ್ದವರನ್ನೇ ಇನ್ನಷ್ಟು ಮುಂದೆ ಒಯ್ಯುವ ಸಂಭವವಿದೆ.

ಭಾಷೆಯ ತೊಡಕೂ ಇದರೊಡನೆ ಸೇರುವದು. ಮನೆಯಲ್ಲಿ ಲಂಬಾಣಿಯನ್ನೋ, ಉರ್ದುವನ್ನೋ, ಇಲ್ಲವೆ ಧಾರವಾಡದ ಆಡುಗನ್ನಡವನ್ನೋ ಮಾತಾಡುವ ಮಗುವಿಗೆ ಪಠ್ಯಪುಸ್ತಕದ ಕನ್ನಡವು ಒಂದು ಹೊಸ ನುಡಿಯೇ ಸರಿ. ಅಕ್ಷರಗಳ ಆಕಾರವನ್ನು ಕೆಲವು ವಾರಗಳಲ್ಲಿ ತಿದ್ದಿಸಬಹುದು. ಕೇಳಿದ ಮಾತು ತನ್ನದೆನಿಸುವಂತೆ ಮಾಡಲು ಕಾಲವೇ ಬೇಕು. ‘ಅವ್ವ’ ಎನ್ನುತ್ತ ಬಂದ ಮಗುವಿಗೆ ‘ತಾಯಿ’ ಎಂಬ ಪದವನ್ನು ಕಲಿಸುವ ಅಕ್ಕೋರು, ‘ಅವ್ವ’ ಎಂಬುದು ತಪ್ಪೆಂದು ಹೇಳಿದ ದಿನವೇ ಆ ಮಗುವಿನ ಬಾಯಿ ಮುಚ್ಚಿಹೋಗುವದು.

ಈ ದಿಶೆಯಲ್ಲಿ ಎರಡು ಹೆಜ್ಜೆಗಳು ಗಮನಾರ್ಹವಾಗಿವೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾಗಿ, ೨೦೦೯-೧೦ರಲ್ಲಿ ರಾಜ್ಯದ ಎಲ್ಲ ಕಡೆಗೂ ಹಬ್ಬಿದ ‘ನಲಿಕಲಿ’ ಪದ್ಧತಿಯು ಪ್ರತಿಯೊಂದು ಮಗುವು ತನ್ನ ವೇಗದಲ್ಲಿ ಮುಂದುವರಿಯಲು ಅವಕಾಶ ಕೊಟ್ಟಿತು. ೨೦೨೧ರ ಜುಲೈ ೨೯ರಂದು ರಾಷ್ಟ್ರಮಟ್ಟದಲ್ಲಿ ಆರಂಭವಾದ ‘ವಿದ್ಯಾಪ್ರವೇಶ’ವು ಒಂದನೆಯ ತರಗತಿಯ ಮೊದಲ ಮೂರು ತಿಂಗಳುಗಳನ್ನೇ ಆಟದ ಮೂಲಕ ನಡೆಯುವ ಸಿದ್ಧತೆಗಾಗಿ ಮೀಸಲಿರಿಸಿದೆ. ಇದರ ವಿಶೇಷವು ಸ್ಪಷ್ಟವಾಗಿದೆ: ಸಿದ್ಧತೆಯು ಶಾಲೆಯ ಹೊಸ್ತಿಲಿನ ಹೊರಗಿನಿಂದ ಒಳಗೆ ಬಂದಿತು, ಸೂಟಿಯಿಂದ ಶಾಲೆಯ ದಿನಗಳಿಗೆ ಬಂದಿತು. ದುಡಿಯಲು ಹೋದ ಕುಟುಂಬವು ಬಿತ್ತಿಗೆಗೆ ಮರಳುವ ಕಾಲವೂ ಅದೇ. ಒಂದು ರೀತಿಯಿಂದ ಹಳೆಯ ಬಿನ್ನೆತ್ತೆಯ ತತ್ವವು ಹೊಸ ರೂಪದಿಂದ ಮರಳಿ ಬಂದಿದೆಯೆನ್ನಬಹುದು. ಆದರೆ ಪಾಠವು ಹಿಂದೆ ಬೀಳುವದೆಂಬ ಭಯದಿಂದ ಈ ಮೂರು ತಿಂಗಳುಗಳನ್ನು ಮೂರು ವಾರಗಳಿಗೆ ಮೊಟಕುಗೊಳಿಸಿದರೆ, ೧೯೬೫ರ ಎಂಟು ವಾರಗಳಿಗಿಂತಲೂ ಹಿಂದೆ ಹೋದಂತಾಗುವದು.

ಇಷ್ಟರಿಂದ ನಿಷ್ಪನ್ನವಾಗುವ ಅಭಿಪ್ರಾಯವನ್ನು ಹೀಗೆ ಹೇಳಬಹುದು. ಬೇಸಿಗೆಯ ವರ್ಗಗಳು ನಿರರ್ಥಕವಲ್ಲ. ಏಣಿಗೆ ಅವು ಒಂದು ಮೆಟ್ಟಿಲಾಗಬಲ್ಲವು, ಏಣಿಯಾಗಲಾರವು. ಕೆಳಗಿನ ಮೆಟ್ಟಿಲುಗಳು ಅಂಗನವಾಡಿಯಲ್ಲಿವೆ, ಮೇಲಿನವು ಒಂದನೆಯ ಇಯತ್ತೆಯಲ್ಲಿವೆ. ಆದುದರಿಂದ ಖರ್ಚು ಮಾಡುವದಕ್ಕೆ ಹಣವೂ ಮನಸ್ಸೂ ಇದ್ದಲ್ಲಿ, ಮೊದಲು ಅಂಗನವಾಡಿಯ ಕಾರ್ಯಕರ್ತೆಗೆ ದಿನಕ್ಕೆ ಎರಡು ತಾಸು ಬೇರೆ ಕೆಲಸದಿಂದ ಬಿಡುವು ಕೊಟ್ಟು, ಆ ಹೊತ್ತನ್ನು ಮಕ್ಕಳಿಗೇ ಮೀಸಲಿಡಬೇಕು. ಎರಡನೆಯದಾಗಿ, ಆಕೆಯೂ ಒಂದನೆಯ ಇಯತ್ತೆಯ ಶಿಕ್ಷಕಿಯೂ ಜೂನ್ ತಿಂಗಳಿಗೆ ಮೊದಲೇ ಕೂಡಿ ಕುಳಿತು, ಬರಲಿರುವ ಮಕ್ಕಳ ಹೆಸರು, ಮನೆಮಾತು, ಮನೆಯ ಸ್ಥಿತಿ ಇವುಗಳನ್ನು ಪರಸ್ಪರ ತಿಳಿದುಕೊಳ್ಳಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ, ಹೊಸ ಕಾನೂನಾಗಲಿ ಬೇಕಾಗಿಲ್ಲ.

ಸಪ್ತಾಪುರದ ಬಾಡಿಗೆಯ ಕೋಣೆಯಲ್ಲಿ ಓದುತ್ತಿರುವ ತರುಣನು ಈ ವರ್ಷ ತಪ್ಪಿದರೆ ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂಡ್ರಬಲ್ಲನು. ಆರನೆಯ ವಯಸ್ಸು ಮಾತ್ರ ಯಾವ ಮಗುವಿಗೂ ಎರಡನೆಯ ಸಲ ಬರುವದಿಲ್ಲ.