ಅಂಚೆಕಾರ್ಡಿನ ಮೇಲೆ ಒಂದು ವರ್ಷ

2014ರ ಸೆಪ್ಟೆಂಬರಿನಲ್ಲಿ ಇಬ್ಬರು ವಿನ್ಯಾಸಗಾರ್ತಿಯರು ಒಂದು ಕರಾರಿಗೆ ಬಂದರು. ಇಟಲಿಯಿಂದ ನ್ಯೂಯಾರ್ಕಿಗೆ ಹೋಗಿ ನೆಲೆಸಿದ್ದ ಜಾರ್ಜಿಯಾ ಲೂಪಿ ಒಬ್ಬರು, ಅಮೆರಿಕದಿಂದ ಲಂಡನ್ನಿಗೆ ಹೋಗಿ ನೆಲೆಸಿದ್ದ ಸ್ಟೆಫನಿ ಪೊಸಾವೆಕ್ ಇನ್ನೊಬ್ಬರು. ಅಲ್ಲಿಯವರೆಗೆ ಅವರು ಮುಖಾಮುಖಿಯಾಗಿದ್ದುದು ಎರಡೇ ಸಲ. ವಾರಕ್ಕೊಂದು ವಿಷಯ ಹಿಡಿಯಬೇಕು, ಏಳು ದಿನ ಲೆಕ್ಕ ಬರೆದಿಡಬೇಕು, ಆ ಲೆಕ್ಕವನ್ನು ಕಾರ್ಡಿನ ಮೇಲೆ ಕೈಯಾರೆ ಚಿತ್ರವಾಗಿಸಿ ಕಡಲಾಚೆಗೆ ಅಂಚೆಗೆ ಹಾಕಬೇಕು. ‘ಡಿಯರ್ ಡೇಟಾ’ ಹುಟ್ಟಿದ್ದು ಹೀಗೆ.

ಮೊದಲ ವಾರದ ವಿಷಯ ಗಡಿಯಾರ: ದಿನದಲ್ಲಿ ಎಷ್ಟು ಸಲ, ಯಾತಕ್ಕಾಗಿ ಹೊತ್ತು ನೋಡಿದೆ ಎಂಬುದು. ಮುಂದೆ ಗೊಣಗಾಟ, ಕೃತಜ್ಞತೆ, ನಗು, ಫೋನಿನ ಚಟ, ಹಾದುಹೋದ ಬಾಗಿಲುಗಳು. ಐವತ್ತೆರಡನೆಯ ವಾರದ ವಿಷಯ ವಿದಾಯ. ಯಾವ ಸರ್ಕಾರವೂ ಯಾವ ಕಂಪನಿಯೂ ಕೇಳದ ಲೆಕ್ಕಗಳಿವು. ಗೊಣಗಾಟದ ಲೆಕ್ಕ ಇಡಬೇಕಾದರೆ ಯಾವುದು ಗೊಣಗಾಟ, ಯಾವುದು ಬರೀ ಮಾತು ಎಂದು ಮೊದಲು ನೀವೇ ತೀರ್ಮಾನಿಸಬೇಕು. ಅಂಕಿ ಆಕಾಶದಿಂದ ಉದುರುವುದಿಲ್ಲ, ಯಾರೋ ಆರಿಸಿ ಎಣಿಸಿದ್ದೇ ಅಂಕಿ. ಈ ಕೆಲಸದ ಹೂರಣ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಕಾರ್ಡಿನ ಮುಂಬದಿಯಲ್ಲಿ ಗೆರೆ, ಚುಕ್ಕಿ, ಬಣ್ಣಗಳ ಚಿತ್ರ. ಹಿಂಬದಿಯಲ್ಲಿ ವಿಳಾಸ, ಸ್ಟಾಂಪು, ಜೊತೆಗೆ ಚಿತ್ರ ಓದುವ ಕ್ರಮ: ಈ ಬಣ್ಣ ಎಂದರೆ ಇದು, ಗೆರೆ ಬಾಗಿದರೆ ಅದು. ಹಿಂಬದಿ ಓದದಿದ್ದರೆ ಎಷ್ಟೋ ಕಾರ್ಡುಗಳ ತಲೆಬುಡ ತಿಳಿಯುವುದಿಲ್ಲ. ನಕ್ಷೆಯೆಂದು ನೋಡಿದರೆ ಇದು ಕೊರತೆಯೇ. ಒಂದೇ ನೋಟಕ್ಕೆ ವಿಷಯ ಮುಟ್ಟಬೇಕಾದರೆ ಪತ್ರಿಕೆಗಳ ಸಾದಾ ಕಂಬನಕ್ಷೆಯೇ ಮೇಲು. ಆದರೆ ಈ ಕಾರ್ಡುಗಳಿಗೆ ಅವಸರವಿಲ್ಲ. ಒಬ್ಬರಿಗೆಂದೇ ಬರೆದ ಕಾಗದವನ್ನು ಕೂತು ಓದಿದಂತೆ ಓದಬೇಕು.

ಪೊಸಾವೆಕ್‌ಗೆ ಈ ತಾಳ್ಮೆ ಹೊಸದೇನಲ್ಲ. ವಿದ್ಯಾರ್ಥಿನಿಯಾಗಿದ್ದಾಗಲೇ ಜಾಕ್ ಕೆರುವಾಕ್‌ನ ‘ಆನ್ ದ ರೋಡ್’ ಕಾದಂಬರಿಯನ್ನು ಪೆನ್ನು ಹಿಡಿದು ಗುರುತು ಹಾಕುತ್ತ ಓದಿ, ಅಧ್ಯಾಯ ಕವಲೊಡೆದು ಪ್ಯಾರಾ, ಪ್ಯಾರಾ ಕವಲೊಡೆದು ವಾಕ್ಯ, ವಾಕ್ಯದಿಂದ ಪದ ಎಂಬಂತೆ ಅದನ್ನೊಂದು ಗಿಡವಾಗಿ ಬಿಡಿಸಿದ್ದರು. ಎಣಿಕೆಗೆ ಕಂಪ್ಯೂಟರ್ ಪ್ರೋಗ್ರಾಮಿನ ನೆರವನ್ನೂ ಪಡೆಯಲಿಲ್ಲ. ಆಮೇಲೆ ಡೇಟಾ ಪತ್ರಕರ್ತೆ ಮಿರಿಯಮ್ ಕ್ವಿಕ್ ಜೊತೆಗೂಡಿ ಮಾಡಿದ್ದು ಇನ್ನೂ ವಿಚಿತ್ರ: ಇಂಗ್ಲೆಂಡಿನ ಶೆಫೀಲ್ಡ್ ನಗರದ ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಅಳತೆಯಿಂದ ಕತ್ತಿನ ಹಾರಗಳು. ಗಾಳಿ ಚೆನ್ನಾಗಿದ್ದ ಹೊತ್ತಿನ ತುಣುಕು ಸಣ್ಣದು, ನುಣುಪು. ಕೆಟ್ಟ ಹೊತ್ತಿನದು ದೊಡ್ಡದು, ಮುಳ್ಳುಮುಳ್ಳು. ಹಾರದ ಮೇಲೆ ಬೆರಳಾಡಿಸಿದರೆ ಗಾಳಿ ಎಲ್ಲಿ ಕೆಟ್ಟಿತೆಂದು ಚರ್ಮಕ್ಕೇ ತಿಳಿಯುತ್ತದೆ. ಮಾಲಿನ್ಯ ಸೂಚ್ಯಂಕ ಓದಿ ಮರೆಯುವ ನಮಗೆ ಇಂಥದ್ದೇ ಚುಚ್ಚಬೇಕೇನೋ.

ಲೂಪಿ 2019ರಲ್ಲಿ ಪೆಂಟಾಗ್ರಾಮ್ ಎಂಬ ಹೆಸರಾಂತ ವಿನ್ಯಾಸ ಸಂಸ್ಥೆಯ ಪಾಲುದಾರರಾದರು. ಮರುವರ್ಷ ಕೋವಿಡ್ ತಗುಲಿತು, ವರ್ಷಗಟ್ಟಲೆ ವಾಸಿಯಾಗಲಿಲ್ಲ. ಲಕ್ಷಣಗಳನ್ನೆಲ್ಲ ಅವರು ದಿನವೂ ಪಟ್ಟಿ ಮಾಡುತ್ತ ಹೋದರು. 2023ರ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಆ 1,374 ದಿನಗಳು ಕುಂಚದ ಬಣ್ಣದ ಎಳೆಗಳಾಗಿ ಪ್ರಕಟವಾದವು. ರೋಗಿಯ ಕಡತದಲ್ಲಿ ಎರಡು ಸಾಲಾಗಿ ಮುಗಿಯುವ ನೋವು ಅಲ್ಲಿ ಓದಿದಷ್ಟೂ ಮುಗಿಯುವುದಿಲ್ಲ. ಅಂಕಿಗಳನ್ನು ಚಿತ್ರವಾಗಿಸುವ ಇಡೀ ಕ್ಷೇತ್ರದಲ್ಲಿ ನಾನು ಕಂಡ ಅತಿ ಪ್ರಾಮಾಣಿಕ ಕೆಲಸ ಇದು.

‘ಡಿಯರ್ ಡೇಟಾ’ದ ಮೂಲ ಕಾರ್ಡುಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2016ರಲ್ಲಿ ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದೇ ವರ್ಷ ಅವು ಪುಸ್ತಕವಾಗಿಯೂ ಬಂದವು. ಸಿಕ್ಕರೆ ಹಿಂಬದಿಯ ವಿವರಣೆಯನ್ನು ಕೈಯಲ್ಲಿ ಮುಚ್ಚಿಕೊಂಡು ಮುಂಬದಿಯ ಚಿತ್ರವನ್ನಷ್ಟೇ ಮೊದಲು ನೋಡಿ, ಊಹಿಸಿ. ವಿವರಣೆ ಓದುವುದು ಆಮೇಲಿರಲಿ.