ಸುಣ್ಣದ ಬೆಟ್ಟದಲ್ಲಿ ಹುಳಿ ಬೇರು

ಆಸ್ಟ್ರಿಯಾ, ಸ್ಲೊವೇನಿಯಾಗಳ ಗಡಿಯಲ್ಲಿ ಆಲ್ಪ್ಸ್ ಶಿಖರಗಳು ಬೇಸಿಗೆಯಲ್ಲೂ ಬಿಳಿಚಿಕೊಂಡಿರುತ್ತವೆ. ಅದು ಹಿಮವಲ್ಲ, ಸುಣ್ಣಕಲ್ಲು. ಮರಗಳು ಹತ್ತಲಾರದ ಆ ಎತ್ತರದಲ್ಲಿ, ಕಲ್ಲಿನ ಸಂದಿನಲ್ಲಿ, ಗೇಣುದ್ದವೂ ಇಲ್ಲದ ಒಂದು ಕಾಡು ಕ್ಲೋವರ್ ಬೆಳೆಯುತ್ತದೆ. ಮೂರೆಲೆ, ಮೈತುಂಬ ನವಿರು ರೋಮ, ಕೆನೆಬಣ್ಣದ ಹೂಗೊಂಚಲು. ಹೆಸರು ಟ್ರೈಫೋಲಿಯಂ ನೊರಿಕಂ. ಇದರ ದಾಯಾದಿ, ದನಗಳ ಮೇವಾದ ಬಿಳಿ ಕ್ಲೋವರ್, ಅರ್ಧ ಜಗತ್ತು ಸುತ್ತಿದೆ. ಇದು ಮಾತ್ರ ಪೂರ್ವ ಆಲ್ಪ್ಸ್, ಬಾಲ್ಕನ್ ಮತ್ತು ಇಟಲಿಯ ಅಪೆನೈನ್ ಬೆಟ್ಟಗಳ ನೆತ್ತಿ ಬಿಟ್ಟು ಇಳಿದಿಲ್ಲ.

ಸುಖದ ಜಾಗವೇನೂ ಅಲ್ಲ ಅದು. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಉಳಿದ ಹಿಡಿ ಮಣ್ಣು ಕ್ಷಾರ. ಅದರಲ್ಲಿ ಕಬ್ಬಿಣವಿದ್ದರೂ ಕರಗುವುದಿಲ್ಲ, ರಂಜಕವನ್ನು ಕ್ಯಾಲ್ಸಿಯಂ ಬಿಗಿಹಿಡಿದಿರುತ್ತದೆ. ಕರಗದ್ದು ಬೇರಿನ ಪಾಲಿಗೆ ಇಲ್ಲದಂತೆಯೇ. ಸುಣ್ಣ ಹೆಚ್ಚಿರುವ ಎರೆಭೂಮಿಯಲ್ಲಿ ಶೇಂಗಾ ಎಲೆ ಹಳದಿಗಟ್ಟಿದಾಗ ನಮ್ಮ ರೈತರು ಅನ್ನಭೇದಿ ಸಿಂಪಡಿಸುವುದೂ ಈ ಕಬ್ಬಿಣದ ಕೊರತೆಗೇ.

ಶೇಂಗಾ, ತೊಗರಿಗಳಂತೆ ಕ್ಲೋವರ್ ಕೂಡ ದ್ವಿದಳ ಜಾತಿಯದು. ಬೇರುಗಂಟಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯ ಸಾರಜನಕ ಪಡೆಯುತ್ತದೆ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ನನಗೆ ಹೆಚ್ಚು ಸೊಗಸೆನಿಸುವುದು ಅದರ ಇನ್ನೊಂದು ಪರಿಣಾಮ. ಸಾರಜನಕ ಗಾಳಿಯಿಂದ ಸಿಗುವಾಗ ಬೇರು ಮಣ್ಣಿನ ನೈಟ್ರೇಟನ್ನು ಅಷ್ಟಾಗಿ ಹೀರುವುದಿಲ್ಲ. ಆಗ ಅದು ಹೀರುವ ಅಯಾನುಗಳಲ್ಲಿ ಧನ ವಿದ್ಯುದಂಶದವೇ ಹೆಚ್ಚಾಗುತ್ತವೆ. ಲೆಕ್ಕ ಸರಿದೂಗಿಸಲು ಬೇರು ಹೈಡ್ರೋಜನ್ ಅಯಾನುಗಳನ್ನು ಹೊರಬಿಡುತ್ತದೆ. ಎಂದರೆ ಆಮ್ಲ. ಸುಣ್ಣ ಅದನ್ನು ಬೇಗ ತಣಿಸಿಬಿಡುತ್ತದೆ, ನಿಜ. ಆದರೂ ಬೇರಿಗೆ ಅಂಟಿದ ತೆಳು ಪದರದಲ್ಲಿ ಒಂದಿಷ್ಟು ರಂಜಕ, ಕಬ್ಬಿಣ ಕರಗಲು ಅಷ್ಟು ಹುಳಿ ಸಾಕು.

ಸಾರಜನಕ ಹಿಡಿಯುವ ಕಿಣ್ವಕ್ಕೆ ಕಬ್ಬಿಣದ ಜೊತೆ ಮಾಲಿಬ್ಡಿನಂ ಕೂಡ ಬೇಕು. ಕ್ಷಾರ ಮಣ್ಣು ಕಬ್ಬಿಣವನ್ನು ಬಚ್ಚಿಟ್ಟರೂ ಮಾಲಿಬ್ಡಿನಮ್ಮನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಈ ಗಿಡಕ್ಕೆ ಶಾಸ್ತ್ರೀಯ ಹೆಸರಿಟ್ಟವರು ಆಸ್ಟ್ರಿಯಾದ ಕ್ಲಾಗೆನ್‌ಫುರ್ಟ್‌ನ ಪಾದ್ರಿ ಫ್ರಾಂಟ್ಸ್ ಕ್ಸಾವರ್ ವುಲ್ಫೆನ್ (1728–1805). ಅವರ ನೆನಪಿಗೆ ವುಲ್ಫೆನೈಟ್ ಎಂಬ ಖನಿಜವಿದೆ. ಅದು ಸೀಸ, ಮಾಲಿಬ್ಡಿನಂ, ಆಮ್ಲಜನಕಗಳ ಸಂಯುಕ್ತ! ಬರೀ ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.

ಬೆಟ್ಟದ ಗಿಡಗಳು ಕಲ್ಲು ನೋಡಿ ನೆಲೆ ಹಿಡಿಯುತ್ತವೆ ಎಂಬುದನ್ನು ಸಸ್ಯವಿಜ್ಞಾನಿ ಫ್ರಾಂಟ್ಸ್ ಉಂಗರ್ 1836ರಲ್ಲೇ ವಿವರವಾಗಿ ಬರೆದಿದ್ದರು. ಮುಂದೆ ವಿಯೆನ್ನಾದಲ್ಲಿ ಮೆಂಡೆಲ್‌ಗೆ ಪಾಠ ಹೇಳಿದವರು ಇವರೇ. ಕಲ್ಲಿನ ಬಗ್ಗೆ ಅವರು ಹೇಳಿದ ಮಾತಿಗೆ ಈಗ ಹೊಸ ತೂಕ ಬಂದಿದೆ. ಯುರೋಪಿನ 302 ಶಿಖರಗಳ ದಾಖಲೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಪ ಏರಿದಂತೆ ಹೆಚ್ಚು ಹೆಚ್ಚು ಸಸ್ಯಜಾತಿಗಳು ಶಿಖರಗಳಿಗೆ ಏರಿ ಬರುತ್ತಿವೆ. ಬರುವವುಗಳಲ್ಲಿ ಎತ್ತರದ ಗಿಡಗಳಿದ್ದರೆ ನೆಲಕ್ಕಂಟಿ ಬೆಳೆಯುವ ಕ್ಲೋವರಿಗೆ ಬಿಸಿಲು ತಪ್ಪುತ್ತದೆ. ಇದೂ ಇನ್ನಷ್ಟು ಮೇಲೇರಬಹುದಲ್ಲ ಎನ್ನಬಹುದು. ಆದರೆ ಇದೇ ಸುಣ್ಣಕಲ್ಲಿನ ಸೀಮೆಯ, ಸ್ಲೊವೇನಿಯಾದ ಜೂಲಿಯನ್ ಆಲ್ಪ್ಸ್‌ನ ಅತ್ಯುನ್ನತ ಶಿಖರ ಟ್ರಿಗ್ಲಾವ್ 2,864 ಮೀಟರಿಗೇ ಮುಗಿಯುತ್ತದೆ. ವಾಯವ್ಯಕ್ಕೆ 3,798 ಮೀಟರ್ ಎತ್ತರದ ಗ್ರಾಸ್‌ಗ್ಲಾಕ್ನರ್ ಇದೆ, ಅದರ ನೆತ್ತಿ ಸುಣ್ಣಕಲ್ಲಿನದಲ್ಲ.